ಹಕ್ಕಲು ಶೇಂಗಾ ಮತ್ತು ಲಕ್ಕಮ್ಮನ ಅಕ್ಕಿ



ಈ ಸಲದ ಗೋಡೆ ಪತ್ರಿಕೆಗೆ ಶರಣರ ಬಗ್ಗೆ ಏನಾದರೂ ಬರಿ ಎಂದು ಕನ್ನಡ ಗುರುಗಳು ಹೇಳಿದರು. ಬಸವಣ್ಣನವರ ಬಗ್ಗೆ, ಅಕ್ಕಮಹಾದೇವಿಯ ಬಗ್ಗೆ ಪ್ರತಿ ವರ್ಷ ಯಾರಾದರೂ ಬರೆದೇ ಬರೆಯುತ್ತಾರೆ. ನಾನು ಆಯ್ದಕ್ಕಿ ಲಕ್ಕಮ್ಮನ ಬಗ್ಗೆ ಬರೆಯುತ್ತೇನೆ. ಯಾಕೆ ಎಂಬುದು ಮುಂದೆ ಓದಿದರೆ ತಿಳಿಯುತ್ತದೆ.

ಲಕ್ಕಮ್ಮ ಮತ್ತು ಅವಳ ಗಂಡ ಮಾರಯ್ಯ 12ನೆಯ ಶತಮಾನದವರು. ಈಗಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದರು. ಕಲ್ಯಾಣ ಅಂದರೆ ಇಂದು ಬೀದರ ಜಿಲ್ಲೆಯಲ್ಲಿರುವ ಬಸವಕಲ್ಯಾಣ. ಅಲ್ಲಿ ಒಬ್ಬೊಬ್ಬ ಶರಣರದು ಒಂದೊಂದು ಕೆಲಸ. ಮಡಿವಾಳ ಮಾಚಯ್ಯ ಬಟ್ಟೆ ಒಗೆಯುತ್ತಿದ್ದ, ನುಲಿಯ ಚಂದಯ್ಯ ಹಗ್ಗ ಹೊಸೆಯುತ್ತಿದ್ದ, ಅಂಬಿಗರ ಚೌಡಯ್ಯ ದೋಣಿ ನಡೆಸುತ್ತಿದ್ದ. ಇದಕ್ಕೆ ಅವರು ಕಾಯಕ ಅಂದರು. ದುಡಿದದ್ದರಲ್ಲಿ ಹಂಚಿ ಉಣ್ಣುವುದಕ್ಕೆ ದಾಸೋಹ ಅಂದರು. ಪೂಜೆ ಬೇರೆ, ಕೆಲಸ ಬೇರೆ ಎಂದು ಅವರು ಎರಡು ಮಾಡಲಿಲ್ಲ. ನಮ್ಮಲ್ಲಿ ಬಹಳ ಮಂದಿ ಗೋಡೆ ಮೇಲೆ ಬರೆಸುವ ಕಾಯಕ, ಕೈಲಾಸದ ಮಾತು ಇದೆಯಲ್ಲ, ಅದು ಬಸವಣ್ಣನವರದು ಅಂತ ನಾನೂ ತಿಳಿದಿದ್ದೆ. ಆ ಮಾತು ಬರುವುದು ಈ ಮಾರಯ್ಯನ ವಚನದಲ್ಲಿ.

ಮಾರಯ್ಯನ ಕಾಯಕ ನೆಲಕ್ಕೆ ಬಿದ್ದ ಅಕ್ಕಿ ಆಯುವುದು. ಅದಕ್ಕೇ ಆ ಹೆಸರು. ಒಂದು ದಿನ ಅವನು ದಿನದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ. ಲಕ್ಕಮ್ಮ ನೋಡಿದಳು. ನಮಗೆ ಇಷ್ಟು ಯಾಕೆ, ಇದು ದೇವರು ಒಪ್ಪುವ ಅಕ್ಕಿಯಲ್ಲ, ತಂದಲ್ಲೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದಳು. ಅವನೂ ಎದುರು ಮಾತಾಡದೆ ಹೋಗಿ ಸುರಿದು ಬಂದ.

ಇದನ್ನು ತರಗತಿಯಲ್ಲಿ ಕೇಳಿದಾಗ ನನಗೆ ಒಂದು ಸಂಶಯ ಬಂದಿತ್ತು. ಬಿದ್ದ ಅಕ್ಕಿ ಯಾರದೂ ಅಲ್ಲವಲ್ಲ, ಅದನ್ನು ತಂದರೆ ತಪ್ಪೇನು? ಕೇಳಲು ನಾಚಿಕೆಯಾಗಿ ಸುಮ್ಮನೆ ಕುಳಿತಿದ್ದೆ.

ಈಗ ನನ್ನ ಮಾತು. ದಸರಾ ರಜೆಯಲ್ಲಿ ನಾನೂ ನನ್ನ ತಮ್ಮನೂ ಹಕ್ಕಲು ಆಯಲು ಹೋಗಿದ್ದೆವು. ಶೇಂಗಾ ಬಳ್ಳಿ ಕಿತ್ತಾಗ ತೊಟ್ಟು ಹರಿದು ಕೆಲವು ಕಾಯಿ ಮಣ್ಣಿನಲ್ಲೇ ಉಳಿಯುತ್ತವೆ. ಹೊಲದವರು ಗುಂಪಿ ಎತ್ತಿಕೊಂಡು ಹೋದ ಮೇಲೆ ಅವನ್ನು ಯಾರು ಬೇಕಾದರೂ ಕೆದರಿ ಆಯ್ದುಕೊಳ್ಳಬಹುದು. ನಮ್ಮೂರಲ್ಲಿ ಅದಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಆದರೆ ಗುಂಪಿ ಇನ್ನೂ ಹೊಲದಲ್ಲೇ ಇತ್ತು. ನನಗೆ ಶಾಲೆಯ ಪ್ರವಾಸಕ್ಕೆ ದುಡ್ಡು ಬೇಕಾಗಿತ್ತು. ಕೆದರಿ ಕೆದರಿ ಬೆರಳು ನೋಯುತ್ತಿತ್ತು, ಸಿಕ್ಕಿದ್ದು ಒಂದು ಬೊಗಸೆ. ತಮ್ಮನನ್ನು ನೀರು ಕುಡಿಯಲು ಕಳಿಸಿ ನಾನು ಗುಂಪಿಯಿಂದಲೇ ಹರಿದು ಚೀಲಕ್ಕೆ ಹಾಕಿಕೊಂಡೆ. ಮೂರು ಸೇರು ಆಗಿರಬಹುದು.

ಮನೆಯಲ್ಲಿ ಅವ್ವ ಚೀಲ ಮರಕ್ಕೆ ಸುರಿದಳು. ಎರಡು ಕಾಯಿ ಎತ್ತಿ ದೀಪದ ಬೆಳಕಿಗೆ ಹಿಡಿದು ನೋಡಿದಳು.

“ಯಾಕವ್ವಾ, ಹಕ್ಕಲದ ಕಾಯಿಗೆ ತೊಟ್ಟು ಎಲ್ಲಿಂದ ಬಂತು? ಇದು ಬಳ್ಳಿಂದ ಹರಿದದ್ದು.”

ನಾನು ನೆಲ ನೋಡಿದೆ. ಬೈಗುಳ ಬರುತ್ತದೆ ಅಂತ ಕಾಯ್ದೆ, ಬರಲಿಲ್ಲ. ಅವ್ವ ತೊಟ್ಟಿದ್ದದ್ದು ಒಂದು ಕಡೆ, ಮಣ್ಣು ಮೆತ್ತಿದ್ದು ಒಂದು ಕಡೆ ಆರಿಸತೊಡಗಿದಳು. ಆರಿಸಿ ಮುಗಿಯುವವರೆಗೆ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ತೊಟ್ಟಿನ ಕಾಯಿ ಚೀಲಕ್ಕೆ ತುಂಬಿ ನನ್ನ ಕೈಗೆ ಕೊಟ್ಟಳು. ಅಪ್ಪ ಎದ್ದು ಬ್ಯಾಟರಿ ತಗೊಂಡ. “ಕತ್ತಲಾಗೈತಿ, ಒಬ್ಬಾಕಿ ಹೋಗಬ್ಯಾಡ. ನಾನೂ ಬರ್ತೀನಿ” ಅಂದ.

ಹೊಲದ ಕಾಕಾ ಕಾವಲಿಗೆ ಅಲ್ಲೇ ಇದ್ದ. ನಾನು ಚೀಲ ಇಟ್ಟು ಹೇಳಿದೆ. ಕಾಕಾ ನಕ್ಕು, “ಹೋಗ್ಲಿ ಬಿಡೋ ಮಾರಾಯ, ಹುಡುಗರು ತಿನ್ನಲಿ” ಅಂದ. ನನಗೆ ಜೀವ ಬಂದಂತಾಯಿತು. ಆದರೆ ಅಪ್ಪ, “ತಿನ್ನಾಕಲ್ಲ, ಮಾರಾಕ ತಂದಿದ್ಲು” ಅಂದುಬಿಟ್ಟ. ಆಗ ಆದ ನಾಚಿಕೆ ಇಲ್ಲಿ ಬರೆಯಲು ಬರುವುದಿಲ್ಲ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದ. “ನಾಡಿದ್ದು ಗುಂಪಿ ಎತ್ತತೀವಿ. ಆಮ್ಯಾಲ ಬಾರವ್ವಾ” ಅಂದ, ಅಷ್ಟೇ.

ಮನೆಗೆ ಬಂದಾಗ ಅವ್ವ ಮಣ್ಣಿನ ಕಾಯಿಗಳನ್ನು ತೊಳೆದು ಉಪ್ಪು ಹಾಕಿ ಕುದಿಯಲು ಇಟ್ಟಿದ್ದಳು. ಒಲೆಯ ಸುತ್ತ ಎಲ್ಲರೂ ಕುಳಿತೆವು. ಒಂದು ಬೊಗಸೆ ಶೇಂಗಾ ಐದು ಮಂದಿಗೆ ಎಷ್ಟು ಬರಬೇಕು? ತಮ್ಮ ಎಣಿಸಿ ಎಣಿಸಿ ಪಾಲು ಮಾಡಿದ. ಆಯಿಗೆ ಹಲ್ಲಿಲ್ಲ, ಅವಳ ಪಾಲನ್ನು ಅವನೇ ಸುಲಿದು ಬೀಜ ಹಿಸುಕಿ ಕೊಟ್ಟ, ನಡುನಡುವೆ ಒಂದೊಂದು ತಾನೇ ಬಾಯಿಗೆ ಹಾಕಿಕೊಂಡ. ಆಯಿ ಅವನ ಕಿವಿ ಹಿಂಡಿದಳು. ಅಪ್ಪ ನಕ್ಕ, ಆಮೇಲೆ ನಾನೂ ನಕ್ಕೆ.

ರಜೆ ಮುಗಿದ ಮೇಲೆ ಗುರುಗಳನ್ನು ಆ ಸಂಶಯ ಕೇಳಿದೆ. ಬಿದ್ದದ್ದಾದರೂ ಇಂದಿಗೆ ಬೇಕಾದಷ್ಟೇ ತರಬೇಕು, ಅದು ಲಕ್ಕಮ್ಮನ ಲೆಕ್ಕ ಎಂದು ವಿವರಿಸಿದರು. ಹಾಗಾದರೆ ನನ್ನ ತಪ್ಪು ಮಾರಯ್ಯನದಕ್ಕಿಂತ ಬಹಳ ದೊಡ್ಡದು. ಅವನು ಯಾರ ಗುಂಪಿಗೂ ಕೈ ಹಾಕಿರಲಿಲ್ಲ. ನಮ್ಮವ್ವ ಶಾಲೆಗೆ ಹೋದವಳಲ್ಲ, ಲಕ್ಕಮ್ಮನ ಹೆಸರು ನಾನು ಹೇಳಿದ ಮೇಲೆಯೇ ಕೇಳಿದ್ದು. “ಆಕಿಗೂ ಮನಿ ನಡೆಸೋದು ಗೊತ್ತಿತ್ತು ಬಿಡು” ಅಂದಳು.

ಸೀಗಿ ಹುಣ್ಣಿಮೆಗೆ ನಮ್ಮ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿದ್ದೆವು. ಐದು ಕಲ್ಲು ಇಟ್ಟು ಪಾಂಡವರೆಂದು ಪೂಜೆ ಮಾಡಿ, ಅಪ್ಪ ಹೊಲದ ಸುತ್ತ ಚರಗ ಚೆಲ್ಲಿದ. ಊಟ ಆದ ಮೇಲೆ ಕಾಕಾನ ಹೊಲಕ್ಕೆ ಹೋಗಿ ಎಲ್ಲರೂ ಕೂಡಿ ಹಕ್ಕಲು ಆಯ್ದೆವು, ಆಯಿ ಕೂಡ ಬದುವಿನ ಮೇಲೆ ಕುಳಿತು ಅಲ್ಲಿಂದಲೇ ಕಾಯಿ ತೋರಿಸುತ್ತಿದ್ದಳು. ಒಂದೂವರೆ ಸೇರು ಸಿಕ್ಕಿತು. ಅದನ್ನು ಮಾರಿಯೂ ಪ್ರವಾಸದ ದುಡ್ಡು ಪೂರ್ತಿ ಆಗಿಲ್ಲ. ಬರುವ ಸಂತೆಯವರೆಗೆ ಗುರುಗಳು ತಡೆದುಕೊಳ್ಳಬೇಕೆಂದು ಇಲ್ಲಿಯೇ ಕೇಳಿಕೊಳ್ಳುತ್ತೇನೆ.