ಪ್ರಶಸ್ತಿಯ ಮಾತು ಯಾವಾಗ ಹೇಳಬೇಕು?

ಅಭಿಪ್ರಾಯಕ್ಕೆ ಕಾರಣ ಕೊಡುವುದನ್ನು ಕಲಿಸುವುದು ನನ್ನ ಪಾಠದ ಉದ್ದೇಶವಾಗಿತ್ತು. ಶಿವರಾಮ ಕಾರಂತರ 'ಚೋಮನ ದುಡಿ', ತ.ರಾ.ಸು. ಅವರ 'ಹಂಸಗೀತೆ', ದೇವುಡು ಅವರ 'ಮಯೂರ', ವಾಣಿ ಅವರ 'ಶುಭಮಂಗಳ' – ಈ ನಾಲ್ಕು ಕಾದಂಬರಿಗಳೂ 1975ರಲ್ಲಿ ಚಲನಚಿತ್ರಗಳಾದವು. ಬಂಟ್ವಾಳದ ಶಾಲೆಯೊಂದರ ಒಂಬತ್ತನೇ ತರಗತಿಗೆ ಆಯ್ದ ದೃಶ್ಯಗಳನ್ನು ತೋರಿಸಿ, ಮೆಚ್ಚಿದ ಕ್ರಮದಲ್ಲಿ ಪಟ್ಟಿ ಮಾಡಲು ಹೇಳಿದೆ.

ಪೀಠಿಕೆಯಲ್ಲೇ ತಪ್ಪಿದೆ. 'ಚೋಮನ ದುಡಿ'ಗೆ ಸ್ವರ್ಣಕಮಲ ಬಂದಿದೆ, ನಿರ್ದೇಶಕ ಬಿ.ವಿ. ಕಾರಂತರು ಇದೇ ತಾಲೂಕಿನ ಮಂಚಿಯವರು ಎಂದುಬಿಟ್ಟೆ. ಎಲ್ಲರ ಪಟ್ಟಿಯಲ್ಲೂ ಅದೇ ಮೊದಲು; ಕಾರಣ, 'ಪ್ರಶಸ್ತಿ ಬಂದಿದೆ'.

ಬೆಳ್ತಂಗಡಿಯಲ್ಲಿ ಅದೇ ಪಾಠ ಮಾಡುವಾಗ ಈ ವಿವರಗಳನ್ನು ಕೊನೆಗೆ ಉಳಿಸಿಕೊಂಡೆ. ಒಬ್ಬಳು 'ಮಯೂರ'ವನ್ನು ಮೊದಲಿಟ್ಟಳು: "ಅವಮಾನಕ್ಕೆ ರಾಜ್ಯ ಕಟ್ಟಿ ಉತ್ತರ ಕೊಟ್ಟ." ಹಿಂದಿನ ಬೆಂಚಿನ ಹುಡುಗ ಎದ್ದ: "ಚೋಮನಿಗೂ ಅವಮಾನವೇ ಟೀಚರ್. ಎತ್ತು ಇದ್ದರೂ ಉಳಲು ಗದ್ದೆ ಸಿಗಲಿಲ್ಲ." ಹುಡುಗಿ ಕ್ರಮ ಬದಲಿಸಲಿಲ್ಲ, ಕಾರಣದ ಕೆಳಗೆ ಒಂದು ಸಾಲು ಸೇರಿಸಿದಳು: "ಮಯೂರನಿಗೆ ಕತ್ತಿಯಾದರೂ ಇತ್ತು." ಮೌಲ್ಯಮಾಪನದಲ್ಲಿ ಹೆಚ್ಚು ಅಂಕ ಕೊಟ್ಟದ್ದು ಆ ಸಾಲಿಗೆ.

ಸಹ ಪ್ರಶಿಕ್ಷಣಾರ್ಥಿಗಳಲ್ಲಿ ವಿನಂತಿ: ಮಕ್ಕಳು ಪಟ್ಟಿ ಬರೆದು ಮುಗಿಸಿದ ಮೇಲೆಯೇ ಪ್ರಶಸ್ತಿಯ ಮಾತು ತೆಗೆಯಿರಿ.