ಚಕ್ಕುಲಿ ಒರಳಿನಿಂದ ಬಂದ ತಲೆಬುರುಡೆ

ಮ್ಯಾಂಚೆಸ್ಟರ್, ಲೀಡ್ಸ್, ಬರ್ಮಿಂಗ್‌ಹ್ಯಾಮ್‌ಗಳಲ್ಲಿ ಓದ್ತಿರೋ ನಮ್ಮವರಿಗೆ ತ್ರೀ-ಡಿ ಪ್ರಿಂಟರ್ ಹೊಸದೇನಲ್ಲ. ಆದ್ರೆ ಅದರಿಂದ ಹೊರಬರುವ ಪ್ಲಾಸ್ಟಿಕ್ ಮೂಳೆಯ ಮೇಲೆ ನಾಳಿನ ಸರ್ಜನ್ ಕೈ ಪಳಗಿಸಿಕೊಳ್ಳಬಹುದೇ? ಎಷ್ಟರ ಮಟ್ಟಿಗೆ? ಈ ಪಾಠದಲ್ಲಿ ಅದನ್ನೇ ನೋಡೋಣ.

ಸಿಟಿ ಸ್ಕ್ಯಾನ್ ಅಂದರೆ ದೇಹದ ನೂರಾರು ತೆಳು ಹೋಳುಗಳ ಚಿತ್ರ. ಪ್ರತಿ ಚುಕ್ಕೆಗೂ ಹೌನ್ಸ್‌ಫೀಲ್ಡ್ ಲೆಕ್ಕದಲ್ಲಿ ಒಂದು ಅಂಕಿ ಇರುತ್ತೆ: ಗಾಳಿಗೆ -1000, ನೀರಿಗೆ 0, ಮೂಳೆಗೆ ಕೆಲವು ನೂರರಿಂದ ಮೇಲಕ್ಕೆ. (1979ರಲ್ಲಿ ನೊಬೆಲ್ ಪಡೆದ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಹುಟ್ಟಿದ್ದು ಇಲ್ಲೇ ಪಕ್ಕದ ನಾಟಿಂಗ್‌ಹ್ಯಾಮ್‌ಶೈರಿನಲ್ಲಿ.) ಒಂದು ಅಂಕಿಯನ್ನು ಗಡಿ ಮಾಡಿಕೊಂಡು "ಇದಕ್ಕಿಂತ ಮೇಲಿನದೆಲ್ಲ ಮೂಳೆ" ಅಂತ ಸಾಫ್ಟ್‌ವೇರ್‌ಗೆ ಹೇಳಿದರೆ ಅದು ಮೂಳೆಯನ್ನಷ್ಟೇ ಬಿಡಿಸಿಕೊಡುತ್ತೆ. ತ್ರೀ-ಡಿ ಸ್ಲೈಸರ್ ಎಂಬ ಉಚಿತ ಸಾಫ್ಟ್‌ವೇರೇ ಇದಕ್ಕೆ ಸಾಕು. ಆಮೇಲಿನ ಕೆಲಸ ನಮ್ಮಜ್ಜಿಯ ಚಕ್ಕುಲಿ ಒರಳಿನದೇ: ಬಿಸಿ ಪ್ಲಾಸ್ಟಿಕ್ ಎಳೆ ತೂತಿನಿಂದ ಇಳಿದು, ಸುತ್ತಿ, ಪದರದ ಮೇಲೆ ಪದರ ಕೂರುತ್ತೆ.

ತೊಡಕು ಇರೋದು ಆ ಗಡಿಯಲ್ಲೇ. ಕಣ್ಣುಗುಡ್ಡೆಯ ಕೆಳಗಿನ ಮೂಳೆ ಕೆಲವೆಡೆ ಕಾಗದದಷ್ಟು ತೆಳು. ಒಂದೇ ಚುಕ್ಕೆಯೊಳಗೆ ಆ ಮೂಳೆಯ ಜತೆ ಅಕ್ಕಪಕ್ಕದ ಗಾಳಿ, ಕೊಬ್ಬು ಎಲ್ಲ ಸೇರಿ ಸರಾಸರಿ ಆಗಿಬಿಡುತ್ತೆ. ಅಂಕಿ ಗಡಿಗಿಂತ ಕೆಳಗಿಳಿಯುತ್ತೆ. ಹಾಗಾಗಿ ರೋಗಿಯಲ್ಲಿ ಮೂಳೆ ಇರುವ ಕಡೆ ಮಾದರಿಯಲ್ಲಿ ತೂತು! ಇಲ್ಲದ ತೂತನ್ನು ನೋಡಿ ಟೈಟಾನಿಯಂ ತಗಡನ್ನು ಕತ್ತರಿಸಿಕೊಂಡರೆ ಅಳತೆ ತಪ್ಪುತ್ತೆ. ಗಡಿ ಇಳಿಸಿದರೆ ತೂತು ಮುಚ್ಚುತ್ತೆ, ಆದ್ರೆ ಬೇಡದ್ದೂ ಮೂಳೆಯ ಜತೆ ಸೇರಿಕೊಳ್ಳುತ್ತೆ. ಆದ್ದರಿಂದ ಅಂಗರಚನೆ ಬಲ್ಲವರೊಬ್ಬರು ಹೋಳು ಹೋಳಾಗಿ ಕೈಯಿಂದ ತಿದ್ದಲೇಬೇಕು. ಎಡ-ಬಲ ಅದಲುಬದಲಾಗಿಲ್ಲ ಅನ್ನೋದನ್ನೂ ನೋಡಬೇಕು. ಕನ್ನಡಿಬಿಂಬದ ಬುರುಡೆ ಕಣ್ಣಿಗೆ ಸರಿಯಾಗೇ ಕಾಣುತ್ತೆ.

ಆಕಾರ ಸರಿ ಇದ್ದರೂ ಸ್ಪರ್ಶ ಬೇರೆ ಮಾತು. ಕಿವಿಯ ಹಿಂದಿನ ಮೂಳೆಯನ್ನು ಡ್ರಿಲ್ ಮಾಡುವಾಗ ಮುಖದ ನರ ತೀರಾ ಹತ್ತಿರದಲ್ಲೇ ಇರುತ್ತೆ. ಅದು ಕಡಿದರೆ ಆ ಬದಿಯ ನಗು ಹೋಯಿತು. ಇಂಥ ಕಡೆ ಮೊದಲ ಡ್ರಿಲ್ ಪ್ಲಾಸ್ಟಿಕ್ ಮೇಲೆ ಓಡುವುದೇ ಒಳ್ಳೇದು. ಆದರೆ ಅಗ್ಗದ ಪ್ಲಾಸ್ಟಿಕ್ ಡ್ರಿಲ್ ಬಿಸಿಗೆ ಪುಡಿಯಾಗದೆ ಕರಗಿ ಅಂಟುತ್ತೆ, ರಕ್ತವಂತೂ ಇಲ್ಲ. ಈ ಕೊರತೆ ತುಂಬಲೆಂದೇ ನಾಟಿಂಗ್‌ಹ್ಯಾಮ್ ಟ್ರೆಂಟ್ ವಿಶ್ವವಿದ್ಯಾಲಯದ ರಿಚರ್ಡ್ ಆರ್ಮ್ ಸಿಲಿಕೋನ್, ಜೆಲ್, ನಾರುಗಳಿಂದ ಹೃದಯ, ಶ್ವಾಸಕೋಶ ರೂಪಿಸಿದರು. ಯುದ್ಧಭೂಮಿಯ ಸರ್ಜನ್‌ಗಳ ತರಬೇತಿಗೆ ಅಂತ ಮಾಡಿದ್ದು ಅದು. ನನ್ನ ಮಟ್ಟಿಗೆ ಈ ವಿಷಯದಲ್ಲಿ ಪ್ರಿಂಟರಿಗಿಂತ ಇಂಥ ವಸ್ತುಗಳ ಕೆಲಸವೇ ಹೆಚ್ಚು ಮುಖ್ಯ.

ಹಾಗಂತ ಶವಚ್ಛೇದನದ ಜಾಗಕ್ಕೆ ಇದು ಬರಲ್ಲ. ಆ ಜಾಗದ ಇತಿಹಾಸ ಈ ಊರುಗಳಲ್ಲಿ ಕಹಿಯಾದದ್ದು. 1832ರ ಅನಾಟಮಿ ಕಾಯಿದೆ ದಿಕ್ಕಿಲ್ಲದ ಬಡವರ ಹೆಣಗಳನ್ನು ವೈದ್ಯಶಾಲೆಗಳಿಗೆ ಸಿಗುವಂತೆ ಮಾಡಿತು. ಅದೇ ಸೆಪ್ಟೆಂಬರಿನಲ್ಲಿ ಮ್ಯಾಂಚೆಸ್ಟರಿನ ಸ್ವಾನ್ ಸ್ಟ್ರೀಟ್ ಕಾಲರಾ ಆಸ್ಪತ್ರೆಯಲ್ಲಿ ಸತ್ತ ಮಗುವಿನ ಶವಪೆಟ್ಟಿಗೆ ತೆರೆದಾಗ ತಲೆಯ ಜಾಗದಲ್ಲಿ ಇಟ್ಟಿಗೆ ಇತ್ತು. ರೊಚ್ಚಿಗೆದ್ದ ಜನ ಆಸ್ಪತ್ರೆಗೆ ನುಗ್ಗಿದರು. ಅದರ ಪಕ್ಕದಲ್ಲಿ ನಮ್ಮ ಬೆಳಗಾವಿಯನ್ನು ಇಟ್ಟು ನೋಡಿ: 2010ರಲ್ಲಿ ಡಾ. ಮಹಾಂತೇಶ ರಾಮಣ್ಣವರ ಅವರು ದೇಹದಾನ ಮಾಡಿದ್ದ ಸ್ವಂತ ತಂದೆಯ ದೇಹವನ್ನೇ, ತಂದೆಯ ಇಚ್ಛೆಯಂತೆ, ಛೇದಿಸಿ ಪಾಠ ಹೇಳಿದರು.

ಪ್ಲಾಸ್ಟಿಕ್ ಮೂಳೆ ಮಾನವ ಅಂಗಾಂಶ ಅಲ್ಲ, ಹಾಗಾಗಿ ಇಲ್ಲಿನ 2004ರ ಹ್ಯೂಮನ್ ಟಿಶ್ಯೂ ಕಾಯಿದೆಯ ಪರವಾನಗಿ ಅದಕ್ಕೆ ಬೇಕಿಲ್ಲ. ಆದರೆ ಸ್ಕ್ಯಾನ್ ಒಬ್ಬ ರೋಗಿಯದು. ಹೆಸರು ಅಳಿಸಿದರೂ ತಲೆಯ ಸ್ಕ್ಯಾನಿನಿಂದ ಚರ್ಮದ ಪದರ ಬಿಡಿಸಿದರೆ ಗುರುತು ಸಿಗುವ ಮುಖವೇ ಎದ್ದು ಬರುತ್ತೆ. ವಾರ್ಡಿನ ಫೈಲನ್ನು ಪೆನ್‌ಡ್ರೈವಿನಲ್ಲಿ ರೂಮಿಗೆ ತರಬೇಡಿ. ಕಲಿಯೋಕೆ ತ್ರೀ-ಡಿ ಸ್ಲೈಸರಿನ ಜತೆಗೇ ಸಿಗುವ ಮಾದರಿ ಸ್ಕ್ಯಾನ್‌ಗಳಿವೆ, ಅದರಿಂದ ಶುರು ಮಾಡಿ.