ಸಭೆ ಮುಗಿದ ಮೇಲೂ ನಮ್ಮ ಮಾತು ಉಳಿಯಬೇಕು



ಸಂಘದ ವಾರದ ಸಭೆಯಲ್ಲಿ ಉಳಿತಾಯ, ಸಾಲ, ಮರುಪಾವತಿ ಅಂತ ನಾವೆಲ್ಲ ಸಲೀಸಾಗಿ ಮಾತಾಡುತ್ತೇವೆ. ಅದೇ ಗ್ರಾಮಸಭೆಯಲ್ಲಿ ಮೈಕ್ ಕೈಗೆ ಬಂದರೆ ಗಂಟಲು ಒಣಗುತ್ತದೆ. ಧೈರ್ಯ ಮಾಡಿ ಎದ್ದು ನಿಂತರೂ ನೀರು, ಚರಂಡಿ, ಬೀದಿ ದೀಪ, ಪಡಿತರ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಕೂತುಬಿಡುತ್ತೇವೆ. ಸಭೆ ಮುಗಿದ ಮೇಲೆ "ಆ ಅಕ್ಕ ಏನೋ ಹೇಳಿದ್ರಲ್ಲ, ಏನದು?" ಅಂತ ಜನ ಕೇಳುವ ಹಾಗಾಗುತ್ತದೆ. ಕೇಳಿದವರ ತಲೆಯಲ್ಲಿ ಉಳಿಯದ ಮಾತು ನಡವಳಿ ಪುಸ್ತಕಕ್ಕೆ ಏರುವುದು ಕಷ್ಟ.

1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕು. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿ ಮಹಿಳೆಯೂ ಅದರ ಸದಸ್ಯೆ. ಒಂದು ಸಭೆಯಲ್ಲಿ ನಮ್ಮ ಮಾತು ತೇಲಿಹೋದರೆ ಇನ್ನೊಂದು ಸಭೆಗೆ ಅರ್ಧ ವರ್ಷ ಕಾಯಬೇಕಾದೀತು. ಆದ್ದರಿಂದ ನೆನಪಿನಲ್ಲಿ ಉಳಿಯುವಂತೆ ಮಾತಾಡುವುದನ್ನು ನಾವು ಕಲಿಯಲೇಬೇಕು. ಇದಕ್ಕೆ ದೊಡ್ಡ ಓದು ಬೇಕಿಲ್ಲ.

1. ಒಂದೇ ವಿಷಯ ಹಿಡಿಯೋಣ

ನಮ್ಮ ಮಾದಿಹಳ್ಳಿ ಹೋಬಳಿಯವರಿಗೆ ಬೇಲೂರು ಹತ್ತಿರವೇ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ದೇವಾಲಯದಲ್ಲಿ ಲೆಕ್ಕವಿಲ್ಲದಷ್ಟು ಕೆತ್ತನೆಗಳಿವೆ. ನೋಡಿ ಬಂದವರನ್ನು ಕೇಳಿ, ಮೊದಲು ಕನ್ನಡಿ ಹಿಡಿದ ದರ್ಪಣ ಸುಂದರಿಯ ಮಾತೇ ಬರುತ್ತದೆ. ಮನಸ್ಸು ಎಲ್ಲವನ್ನೂ ಹೊರುವುದಿಲ್ಲ, ಒಂದು ಚಿತ್ರವನ್ನು ಹಿಡಿದುಕೊಳ್ಳುತ್ತದೆ. ಹತ್ತು ತೊಂದರೆ ಇದ್ದರೆ ಹತ್ತನ್ನೂ ಅರ್ಜಿಯಲ್ಲಿ ಬರೆಯೋಣ. ಬಾಯಲ್ಲಿ ಹೇಳುವುದು ಒಂದನ್ನೇ. ಉಳಿದದ್ದನ್ನು ಸಂಘದ ಬೇರೆ ಸದಸ್ಯೆಯರು ಹಂಚಿಕೊಳ್ಳಲಿ.

2. ಲೆಕ್ಕ ಕಣ್ಣಿಗೆ ಕಾಣಲಿ

"ನೀರಿಗೆ ತುಂಬಾ ತೊಂದರೆ" ಎಂದರೆ ಯಾರ ಮನಸ್ಸಿಗೂ ನಾಟದು. ಒಂದು ಉದಾಹರಣೆ ನೋಡೋಣ. ಕೈಪಂಪು ಮನೆಯಿಂದ ಅರ್ಧ ಕಿಲೋಮೀಟರ್ ದೂರ ಇದೆ ಎಂದುಕೊಳ್ಳಿ. ಹೋಗಿ ಬರಲು ಒಂದು ಕಿಲೋಮೀಟರ್. ದಿನಕ್ಕೆ ನಾಲ್ಕು ಸಲ ಹೋದರೆ 4 ಕಿಲೋಮೀಟರ್, ತಿಂಗಳಿಗೆ 120. ಬೇಲೂರಿನಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್. ಅಂದರೆ ಒಬ್ಬ ತಾಯಿ ತಿಂಗಳಿಗೆ ಮೂರು ಸಲ ಬೇಲೂರಿನಿಂದ ಹಾಸನಕ್ಕೆ ನಡೆದಂತೆ! ಅದರಲ್ಲಿ ಅರ್ಧ ದಾರಿ ಸೊಂಟದ ಮೇಲೆ ತುಂಬಿದ ಕೊಡ. ಹೀಗೆ ಹೇಳಿದರೆ ಕೇಳಿದವರು ಮನೆಗೆ ಹೋಗಿಯೂ ಹೇಳುತ್ತಾರೆ. ಆದರೆ ದೂರವನ್ನು ನಾವೇ ಅಳೆದಿರಬೇಕು. ಒಂದು ಲೆಕ್ಕ ಸುಳ್ಳಾದರೆ ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ.

3. ಕೈಯಲ್ಲೊಂದು ವಸ್ತು ಇರಲಿ

1930ರಲ್ಲಿ ಗಾಂಧೀಜಿ ದಂಡಿಯಲ್ಲಿ ಹಿಡಿ ಉಪ್ಪು ಎತ್ತಿದರು. ನಮ್ಮ ಅಂಕೋಲೆಯಲ್ಲೂ ಜನ ಉಪ್ಪಿನ ಸತ್ಯಾಗ್ರಹ ಮಾಡಿದರು. ತೆರಿಗೆಯ ವಿವರ ತಿಳಿಯದವರಿಗೂ ಆ ಉಪ್ಪು ಅರ್ಥವಾಯಿತು. ನೀರಿನ ಮಾತಾಡುವಾಗ ಖಾಲಿ ಕೊಡವನ್ನೇ ತಂದು ಎಲ್ಲರ ಮುಂದೆ ಇಡೋಣ. ಚರಂಡಿ, ರಸ್ತೆಯ ವಿಷಯವಾದರೆ ಒಂದು ಫೋಟೋ ಸಾಕು.

4. ಸೊಲ್ಲು ಮರೆಯಬಾರದು

ಸೋಬಾನೆ ಹಾಡುವಾಗ ಒಬ್ಬರು ಹೇಳಿಕೊಡುತ್ತಾರೆ, ಮಿಕ್ಕವರು ಸೊಲ್ಲು ಎತ್ತುತ್ತಾರೆ. ಅದಕ್ಕೇ ಪುಸ್ತಕ ನೋಡದೆ ಇಡೀ ಹಾಡು ಬಾಯಿಗೆ ಬರುತ್ತದೆ. ಅಮೆರಿಕದಲ್ಲಿ ಕರಿಯರ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ 1963ರ ವಾಷಿಂಗ್ಟನ್ ಭಾಷಣದಲ್ಲಿ ತಮ್ಮ ಕನಸಿನ ಮಾತನ್ನು ಮತ್ತೆ ಮತ್ತೆ ಹೇಳಿದರು. ಇಂದಿಗೂ ಜನರಿಗೆ ನೆನಪಿರುವುದು ಅದೇ. ನಮಗೂ ಒಂದು ಸೊಲ್ಲು ಇರಲಿ: "ನಮ್ಮ ಬೀದಿಗೆ ನಲ್ಲಿ ಬೇಕು." ಮೊದಲು ಒಮ್ಮೆ, ನಡುವೆ ಒಮ್ಮೆ, ಕೊನೆಗೊಮ್ಮೆ ಹೇಳೋಣ.

5. ನಮಗೇ ಮರೆತುಹೋದರೆ?

ಚೀಟಿ ನೋಡಿ ಓದುವುದು ಎಲ್ಲರಿಗೂ ಆಗದು. ಎರಡು ಸಾವಿರ ವರ್ಷಗಳ ಹಿಂದೆಯೇ ಗ್ರೀಸ್, ರೋಮ್ ದೇಶದ ಭಾಷಣಕಾರರು ಒಂದು ಉಪಾಯ ಬಳಸುತ್ತಿದ್ದರು. ಗೊತ್ತಿರುವ ಮನೆಯೊಳಗೆ ಮನಸ್ಸಿನಲ್ಲೇ ನಡೆಯುತ್ತಾ, ಒಂದೊಂದು ಜಾಗದಲ್ಲಿ ಒಂದೊಂದು ಮಾತು ಇಡುವುದು. ನಾವು ನಮ್ಮ ಮನೆಯನ್ನೇ ಬಳಸೋಣ. ಹೊಸ್ತಿಲಲ್ಲಿ ನಮ್ಮ ಹೆಸರು, ಊರು. ನಡುಮನೆಯಲ್ಲಿ ತೊಂದರೆ. ಒಲೆಯ ಹತ್ತಿರ ಲೆಕ್ಕ. ಹಿತ್ತಿಲ ಬಾಗಿಲಲ್ಲಿ ಬೇಡಿಕೆ. ಮಾತಾಡುವಾಗ ಮನೆಯೊಳಗೆ ನಡೆದರಾಯಿತು, ಮಾತು ತಾನಾಗಿ ಸಿಗುತ್ತದೆ.

6. ಬೇಡಿಕೆಯಿಂದಲೇ ಮುಗಿಸೋಣ

"ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ" ಎಂದು ಕೂರುವುದು ಬೇಡ. ಏನು ಬೇಕು, ಯಾರು ಮಾಡಬೇಕು, ಯಾವಾಗ ಆಗಬೇಕು, ಈ ಮೂರನ್ನು ಹೇಳೋಣ. "ಅಧ್ಯಕ್ಷರೇ, ಪಿಡಿಒ ಅವರೇ, ಇದನ್ನು ನಡವಳಿಯಲ್ಲಿ ಬರೆಸಿ ಓದಿ ಹೇಳಿ" ಎಂದು ಕೇಳೋಣ. ಅರ್ಜಿ ಕೊಟ್ಟು ಸ್ವೀಕೃತಿ ಪಡೆಯೋಣ.

ಸಂಘದಲ್ಲಿ ಮಾಡಿ ನೋಡಿ

ಮುಂದಿನ ವಾರದ ಸಭೆಯಲ್ಲಿ ಮೂವರು ಸದಸ್ಯೆಯರು ತಲಾ ಎರಡು ನಿಮಿಷ ಮಾತಾಡಲಿ. ಆಮೇಲೆ ಉಳಿತಾಯದ ಲೆಕ್ಕ ಮುಗಿಸಿ. ಕೊನೆಯಲ್ಲಿ ಎಲ್ಲರನ್ನೂ ಕೇಳಿ:

• ಯಾರ ಮಾತು ನೆನಪಿದೆ? ಯಾವುದರಿಂದ ನೆನಪುಳಿಯಿತು: ಲೆಕ್ಕವೋ, ವಸ್ತುವೋ, ಸೊಲ್ಲೋ?
• ಏನು ಬೇಕು ಎಂದು ಅವರು ಕೇಳಿದರು?
• ನಮ್ಮ ಊರಿನ ಮುಂದಿನ ಗ್ರಾಮಸಭೆಗೆ ನಮ್ಮ ಒಂದೇ ವಿಷಯ ಯಾವುದು? ಯಾರು ಮಾತಾಡುತ್ತಾರೆ?

ಇದುವರೆಗೆ ಬಾಯಿ ಬಿಡದ ಸದಸ್ಯೆಯಿಂದಲೇ ಶುರು ಮಾಡಿ. ಅವರು ತಡವರಿಸಿದರೆ ಯಾರೂ ನಗಬಾರದು. ನೀರಿನ ಕಷ್ಟವನ್ನು ದಿನವೂ ಹೊರುವವರ ಮಾತಿಗೆ ಇರುವ ತೂಕ ಬೇರೆ ಯಾವ ಮಾತಿಗೂ ಇಲ್ಲ.